ಮಖ್ಖಿ ಸರಿದ ಬಂದೂಕು

ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಕೆಲಸಕ್ಕೆ, ಅಂದರೆ ಬಂದೂಕು ದುರಸ್ತಿಯ ಕೆಲಸಕ್ಕೆ, ಹೊಸದಾಗಿ ಸೇರಿದ ತರುಣರು ಆಗಾಗ ನನ್ನ ಮನೆಗೆ ಬರುತ್ತಾರೆ. ಅವರು ಕೇಳುವುದೆಲ್ಲ ಈಗಿನ ರೈಫಲ್‌ಗಳ ಗ್ಯಾಸ್ ಬ್ಲಾಕಿನ ಬಗ್ಗೆ, ಅಂದರೆ ಹಾರಿದ ಗುಂಡಿನ ಮದ್ದಿನ ಅನಿಲವನ್ನು ನಳಿಕೆಯಿಂದ ತಿರುಗಿಸಿ ಮುಂದಿನ ಗುಂಡನ್ನು ತುಂಬಿಸುವ ಗಟ್ಟಿಯ ಬಗ್ಗೆ. ನಳಿಕೆಯ ಮೇಲಿನ ತೂತಿಗೂ ಬ್ಲಾಕಿನ ತೂತಿಗೂ ನೇರ ತಾಳೆಯಾಗಬೇಕು, ತಾಳೆಯಾದದ್ದು ಅಲುಗದಂತೆ ಬಿಗಿಯಬೇಕು; ಎರಡರಲ್ಲಿ ಒಂದು ತಪ್ಪಿದರೂ ರೈಫಲ್ ಒಂದು ಗುಂಡು ಹಾರಿಸಿ ಸುಮ್ಮನಾಗುತ್ತದೆ. ಇಷ್ಟು ಅವರಿಗೆ ತರಬೇತಿಯಲ್ಲೇ ಹೇಳಿಕೊಟ್ಟಿರುತ್ತಾರೆ. ನಾನು ಸೇರಿಸುವುದು ಒಂದೇ ಮಾತು. ಕೂಡಿಸಿದ್ದು, ಬಿಗಿದದ್ದು ಆದಮೇಲೆ ಮೂರನೆಯ ಕೆಲಸವೊಂದು ಉಳಿದಿರುತ್ತದೆ: ಬಿಗಿದದ್ದು ಬಿಗಿದ ಹಾಗೆಯೇ ಇದೆ ಎಂದು ಯಾರು ಹೇಳಿದರೂ ನಂಬದಿರುವುದು.

ನಾನು ಕೆಲಸ ಕಲಿತದ್ದು ಐವತ್ತರ ದಶಕದಲ್ಲಿ. ಆಗ ನಮ್ಮ ಠಾಣೆಗಳಲ್ಲಿದ್ದ ಹಳೆಯ ಬಂದೂಕುಗಳಿಗೆ ಗ್ಯಾಸೂ ಇರಲಿಲ್ಲ, ಗ್ಯಾಸ್ ಬ್ಲಾಕೂ ಇರಲಿಲ್ಲ. ನಳಿಕೆಯ ತುದಿಗೆ ಉಂಗುರದ ಹಾಗೆ ತೊಡಿಸಿದ ಕಬ್ಬಿಣದ ಗಟ್ಟಿಯೊಂದಿರುತ್ತಿತ್ತು. ಅದನ್ನು ಅಡ್ಡ ಮೊಳೆಯೊಂದು ಹಿಡಿದಿರುತ್ತಿತ್ತು. ಗಟ್ಟಿಯ ನೆತ್ತಿಯ ಮೇಲೆ ಗುರಿ ನೋಡುವ ಸಣ್ಣ ಮೊನೆ. ಠಾಣೆಯ ಮಾತಿನಲ್ಲಿ ಅದು ಮಖ್ಖಿ, ಅಂದರೆ ನೊಣ. ಕಣ್ಣಿನ ಹತ್ತಿರದ ಸೀಳಿನಲ್ಲಿ ಈ ನೊಣವನ್ನು ಕೂರಿಸಿಕೊಂಡು, ನೊಣದ ತಲೆಯ ಮೇಲೆ ಗುರಿಯನ್ನು ಇಟ್ಟು ಹೊಡೆಯಬೇಕು. ಗಟ್ಟಿ ಕೂದಲೆಳೆಯಷ್ಟು ತಿರುಗಿದರೂ ಗುಂಡು ಬೇರೆ ಕಡೆ ಹೋಗುತ್ತದೆ. ಹೋಗುವುದೂ ಉಲ್ಟಾ: ಮಖ್ಖಿ ಎಡಕ್ಕೆ ಸರಿದರೆ ಗುಂಡು ಬಲಕ್ಕೆ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವುದು ತಿಳಿಯುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ತಿರುಗಾಟ ನನ್ನ ಪಾಲಿಗೆ ಬಂದಿತ್ತು. ಗದಗದ ತನಕ ರೈಲು, ಅಲ್ಲಿಂದ ಬಸ್ಸು. ಬಸ್ಸಿನ ಮೇಲೆ ನನ್ನ ಹತ್ಯಾರಗಳ ಪೆಟ್ಟಿಗೆ, ಅದರ ಪಕ್ಕ ಯಾರದೋ ಕೋಳಿಬುಟ್ಟಿ. ಮಳೆಯಾಗಿದ್ದರೆ ಎರೆಮಣ್ಣಿನಲ್ಲಿ ಬಸ್ಸು ಹೂತು, ಪೆಟ್ಟಿಗೆ ಹೊತ್ತು ನಡೆಯಬೇಕಾಗುತ್ತಿತ್ತು. ಠಾಣೆ ಮುಟ್ಟಿದಾಗ ಒಬ್ಬರ ಮುಖದಲ್ಲೂ ಸಂತೋಷ ಕಾಣುತ್ತಿರಲಿಲ್ಲ. ತಪ್ಪು ಹುಡುಕಲು ಬಂದವನು ಎಂದು ಅವರಿಗೆ ನನ್ನ ಮೇಲೆ ಅನುಮಾನ. ಏನೋ ಮುಚ್ಚಿಟ್ಟಿದ್ದಾರೆ ಎಂದು ನನಗೆ ಅವರ ಮೇಲೆ ಅನುಮಾನ. ಹೆಚ್ಚಿನ ಸಲ ಇಬ್ಬರದೂ ನಿಜವೇ ಆಗಿರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಜಾಧವ ಮಿಸ್ತ್ರಿ. ಮನೆಮಾತು ಮರಾಠಿ, ಬೈಗುಳ ಮಾತ್ರ ಕನ್ನಡದಲ್ಲಿ. ಅಳತೆಯ ಯಂತ್ರ ಇಲ್ಲದ ಕಾಲದಲ್ಲಿ ಅವರು ಗೌಂಡಿಯ ತೂಗುಗುಂಡನ್ನು ತೊಲೆಗೆ ಕಟ್ಟಿ, ಅದರ ದಾರದ ಹಿಂದೆ ಬಂದೂಕನ್ನು ಇಕ್ಕಳದಲ್ಲಿ ಹಿಡಿಸಿ, ಒಂದು ಕಣ್ಣು ಮುಚ್ಚಿ ಮಖ್ಖಿಯನ್ನು ನೇರ ಮಾಡುತ್ತಿದ್ದರು. ಮೊಳೆ ಹೊಡೆದು ಬಿಗಿದ ಮೇಲೆ ಗಟ್ಟಿಯಿಂದ ನಳಿಕೆಯ ಮೇಲಕ್ಕೆ ಹಾಯುವಂತೆ ಸಣ್ಣ ಉಳಿಯಿಂದ ಒಂದೇ ಒಂದು ಗೆರೆ ಎಳೆಯುತ್ತಿದ್ದರು. ಗಟ್ಟಿ ಅಲುಗಿದರೆ ಗೆರೆ ಮುರಿದು ಎರಡು ತುಂಡಾಗಿ ಕಾಣುತ್ತದೆ. ಅದಕ್ಕೆ ಸಾಕ್ಷಿಗೆರೆ ಎಂದು ಹೆಸರು.

"ಬಂದೂಕು ಸುಳ್ಳ ಹೇಳೂದಿಲ್ಲಲೇ," ಎನ್ನುತ್ತಿದ್ದರು. "ಆದರ ಖರೇನೂ ತಾನಾಗಿ ಹೇಳೂದಿಲ್ಲ. ಕುಂಡ್ರಿಸಿ ಕೇಳಬೇಕು."

ಪರವಾನಗಿ ಇದ್ದ ರೈತರ ಬಂದೂಕುಗಳನ್ನೂ ನಾವೇ ನೋಡುತ್ತಿದ್ದೆವು. ಜೋಳದ ಹೊಲಕ್ಕೆ ಚಿಗರಿಯ, ಅಂದರೆ ಜಿಂಕೆಯ, ಹಿಂಡು ನುಗ್ಗುತ್ತಿದ್ದ ಕಾಲ ಅದು. ಅಬ್ಬಿಗೇರಿಯ ರೈತ ಬಸಪ್ಪ ತಂದ ಮದ್ದಿನ ಬಂದೂಕಿನ ತುದಿಯಲ್ಲಿ ಮಖ್ಖಿಯೇ ಇರಲಿಲ್ಲ. ಅದರ ಜಾಗದಲ್ಲಿ ಕೆಂಪನೆಯ ಅರಗಿನ ಉಂಡೆ, ಉಂಡೆಯ ಮೇಲೆ ಬೆಳ್ಳಗೆ ಏನೋ ಒಂದು. ನಳಿಕೆ ಬದಲಾಯಿಸಿ ಹಳೆಯದನ್ನು ಯಾರಿಗೋ ದಾಟಿಸಿದ್ದಾನೆ ಎಂದು ನನಗೆ ಮೊದಲ ಅನುಮಾನ.

"ಏನಪಾ ಇದು?"

"ಜೋಳದ ಕಾಳ್ರಿ."

"ಮಖ್ಖಿ ಎಲ್ಲಿ ಹೋತು?"

"ಎತ್ತ ತುಳದು ಮುರೀತ್ರಿ. ಕಾಳ ಹಚ್ಚಿದ ಮ್ಯಾಲ ಗುರಿ ಚಲೋ ಆಗೇತಿ. ಆದ್ರ ಇರವಿ ಕಾಟ ಭಾಳ. ವಾರಕ್ಕೊಂದ ಕಾಳ ತಿಂತಾವ."

ನಳಿಕೆಯ ನಂಬರು ನೋಡಿದೆ, ಸರಿಯಾಗಿತ್ತು. ಅವನ ಮಾತು ನಿಜ. ಹೊಸ ಮಖ್ಖಿ ಕೂರಿಸಿ ಕೊಟ್ಟೆ. ಮುಂದಿನ ವರ್ಷ ಬಂದಾಗ, ಜೋಳದ ಕಾಳಿನಷ್ಟು ಇದು ಬರುವುದಿಲ್ಲ ಎಂದು ದೂರು ಹೇಳಿದ.

ನರಗುಂದದಲ್ಲಿ ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಬಂದೂಕನ್ನು ಅಂದ ಮಾಡಿಸಲು ಅಕ್ಕಸಾಲಿಗನಿಗೆ ಕೊಟ್ಟಿದ್ದರು. ಆತ ಮಖ್ಖಿಯ ಗಟ್ಟಿಗೆ ಹಿತ್ತಾಳೆಯ ಹೂವು ಬೆಸೆಯಲು ಒಲೆಯ ಕಾವು ಕೊಟ್ಟ. ಕಾವಿಗೆ ಹಳೆಯ ಬೆಸುಗೆ ಬಿಟ್ಟುಕೊಂಡಿತು. ನಾನು ಪರೀಕ್ಷೆಗೆಂದು ಹಿಡಿದ ಕೂಡಲೆ ಹೂವು ಗಟ್ಟಿ ಎರಡೂ ಕೈಗೆ ಬಂದವು.

"ಇಷ್ಟ ದಿನಾ ಚಲೋ ಇತ್ತು. ನೀವು ಮುಟ್ಟಿದ ಮ್ಯಾಲ ಬಿತ್ತು," ಎಂದರು ವ್ಯಾಪಾರಿ. ಅಂಗಡಿಯಲ್ಲಿದ್ದವರೆಲ್ಲ ಹೌದು ಹೌದು ಎಂದರು. ಅಂದಿನಿಂದ, ಮುಟ್ಟುವ ಮೊದಲು ಇನ್ನೊಬ್ಬರಿಗೆ ತೋರಿಸಿಯೇ ಮುಟ್ಟುವ ರೂಢಿ ಇಟ್ಟುಕೊಂಡೆ. ನೀವೂ ಇಟ್ಟುಕೊಳ್ಳಿ. ಆ ರೂಢಿ ಇಲ್ಲದಿದ್ದರೆ, ಈಗ ಹೇಳಲಿರುವ ಪೇದೆ ಎಲ್ಲಪ್ಪನ ಪ್ರಕರಣದಲ್ಲಿ ನನ್ನ ಮಾತು ಗಾಳಿಗೆ ಹೋಗುತ್ತಿತ್ತು.

ಆ ಪ್ರಕರಣ ನಡೆದ ಠಾಣೆಯ ಹೆಸರನ್ನು ನಾನು ಹೇಳುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ. ಮುಂಬಯಿ ರಾಜ್ಯ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಡೆದದ್ದು ಎಂದಷ್ಟೇ ಹೇಳಬಹುದು. ನಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆ ಮಾಡಿಯೇ ಬರೆಯುತ್ತೇನೆ.

ಕೇಳಿದ್ದು ಮೊದಲು. ಹಿಂಗಾರಿ ಬಿತ್ತನೆ ನಡೆದಿದ್ದಾಗ ಠಾಣೆಯ ಹತ್ತಿರದ ಹಳ್ಳಿಯಲ್ಲಿ ಹುಚ್ಚುನಾಯಿಯೊಂದು ಜನರನ್ನು ಕಚ್ಚಿತು. ಊರವರು ಠಾಣೆಗೆ ಸುದ್ದಿ ಕಳಿಸಿದರು. ಠಾಣೆಯ ಫೌಜದಾರರು, ಅಂದರೆ ಸಬ್ ಇನ್ಸ್‌ಪೆಕ್ಟರರು, ಪೇದೆ ಎಲ್ಲಪ್ಪನ ಕೈಗೆ ಬಂದೂಕು ಕೊಟ್ಟು ಕಳಿಸಿದರು. ಎಲ್ಲಪ್ಪ ಚಿಕ್ಕನರಗುಂದದವನು, ಜಿಲ್ಲೆಯ ಚಾಂದಮಾರಿಯಲ್ಲಿ, ಅಂದರೆ ಗುರಿ ಹೊಡೆಯುವ ಕವಾಯತಿನಲ್ಲಿ, ಪ್ರತಿ ವರ್ಷ ಮುಂದಿದ್ದವನು. ನಾಯಿ ಕೆರೆಯ ದಂಡೆಯ ಮೇಲೆ ಸಿಕ್ಕಿತು. ಅದರ ಬಲಕ್ಕೆ ಒಂದಿಷ್ಟು ದೂರದಲ್ಲಿ ವೀರನಗೌಡರ ಎತ್ತುಗಳು ನೀರು ಕುಡಿಯುತ್ತಿದ್ದವು. ಎಲ್ಲಪ್ಪ ಕೂತು, ಉಸಿರು ಹಿಡಿದು ಹೊಡೆದ. ನಾಯಿ ಓಡಿಹೋಯಿತು. ಎತ್ತು ಬಿತ್ತು.

ಬಿತ್ತನೆಯ ಹೊತ್ತಿಗೆ ಜೋಡಿ ಮುರಿದರೆ ಏನಾಗುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಗೌಡರ ಹೊಲದಲ್ಲಿ ಅರ್ಧಕ್ಕೆ ಕೂರಿಗೆ ನಿಂತಿತು. ಅದಕ್ಕಿಂತ ಕೆಟ್ಟ ಸಂಗತಿ ಒಂದಿತ್ತು. ಎಲ್ಲಪ್ಪನ ಅಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರು. ಆಕೆಯ ಗಂಡನಿಗೂ ಗೌಡರಿಗೂ ಹೊಲದ ಬದುವಿನ ಮೇಲೆ ಜಗಳ. ಗೌಡರು ಠಾಣೆಗೆ ಬಂದು ಹೇಳಿದ ಮಾತನ್ನು ಆಮೇಲೆ ನನಗೆ ಎಲ್ಲರೂ ಹೇಳಿದರು: "ಬ್ಯಾರೆ ಪೇದೆ ಹೊಡದಿದ್ರ ತಪ್ಪಿತು ಅಂತಿದ್ದೆ. ಎಲ್ಲಪ್ಪನ ಗುರಿ ಎಂದಾದ್ರೂ ತಪ್ಪೇತೇನು?"

ಎಲ್ಲಪ್ಪನ ಒಳ್ಳೆಯ ಕೈಯೇ ಅವನಿಗೆ ಉರುಳಾಯಿತು. ಅವನ ಪಟ್ಟಾ, ಅಂದರೆ ಸೊಂಟದ ಬೆಲ್ಟು, ಬಿಚ್ಚಿಸಿ ಕೆಲಸದಿಂದ ತಡೆದು ಮನೆಯಲ್ಲಿ ಕೂರಿಸಿದರು. ಬಂದೂಕು ಸರಿಯಾಗಿದೆ ಎಂದು ನಾನು ಬರೆದರೆ ಅವನ ನೌಕರಿ ಹೋಗಿ, ಮೇಲೆ ಕೋರ್ಟು ಕಚೇರಿಯೂ ಆಗುವುದಿತ್ತು. ನನ್ನನ್ನು ಕಳಿಸಿದ್ದು ಅದಕ್ಕಾಗಿ; ನನ್ನ ಹಿಂದೆಯೇ ತನಿಖೆಗೆ ಡೆಪ್ಯುಟಿ ಸಾಹೇಬರು, ಅಂದರೆ ಡೆಪ್ಯುಟಿ ಎಸ್ಪಿ, ಬರುವವರಿದ್ದರು.

ಇನ್ನು ಕಂಡದ್ದು. ಠಾಣೆಯಲ್ಲಿ ಫೌಜದಾರರು ನನ್ನನ್ನು ಬಹಳ ಆದರದಿಂದ ಬರಮಾಡಿಕೊಂಡರು. ಆ ವರ್ಷವೇ ಬೇರೆ ಜಿಲ್ಲೆಯಿಂದ ಬಂದವರು. ಬರುತ್ತಿದ್ದ ಹಾಗೆ ಚಹಾ, ಉಪ್ಪಿಟ್ಟು. ಠಾಣೆಯಲ್ಲಿ ಉಪ್ಪಿಟ್ಟು ಕೊಟ್ಟರೆ ನಾನು ಹುಷಾರಾಗುತ್ತಿದ್ದೆ.

"ನೋಡೂದೇನೈತ್ರಿ ಮಿಸ್ತ್ರಿ," ಎಂದರು. "ಹ್ವಾದ ವರ್ಷ ನೀವ ಸರಿ ಮಾಡಿ ಹೋಗೀರಿ. ಸೊಟ್ಟ ಐತಿ ಅಂದ್ರ ನಿಮ್ಮ ಕೆಲಸಾನ ಸೊಟ್ಟ ಆದಂಗ. ಸರಿ ಐತಿ ಅಂತ ಒಂದ ಸಾಲ ಬರದ್ರ ಸಂಜೀ ಬಸ್ಸಿಗೆ ಹೋಗಬಹುದು."

"ಬಂದೀನಲ್ರಿ ಸಾಹೇಬ್ರ, ಬಂದೂಕಿನ ಮುಖಾನರ ನೋಡ್ತೀನಿ," ಎಂದೆ.

ಬಂದೂಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಟ್ಟುವ ಮೊದಲು ಪಹರೆಯ ಪೇದೆಯನ್ನೂ ಫೌಜದಾರರನ್ನೂ ಕರೆದು ತೋರಿಸಿದೆ. ನಾನೇ ಎಳೆದಿದ್ದ ಸಾಕ್ಷಿಗೆರೆ ಮುರಿದಿತ್ತು. ಗಟ್ಟಿ ಎಡಕ್ಕೆ ತಿರುಗಿ, ಸ್ವಲ್ಪ ಹಿಂದಕ್ಕೆ ಜರುಗಿತ್ತು. ಜರುಗಿ ತೆರವಾದ ಕಡೆ ನಳಿಕೆಯ ಮೇಲೆ ಬೆಳ್ಳನೆಯ ಸಣ್ಣ ಪಟ್ಟಿ. ಇಷ್ಟು ದಿನ ಗಟ್ಟಿಯ ಕೆಳಗಿದ್ದ ಕಬ್ಬಿಣ ಅದು. ಆ ಬಿಳಿ ಪಟ್ಟಿಯ ಮೇಲೆ ಎಣ್ಣೆಯಲ್ಲಿ ಒಣಗಿ ಅಂಟಿದ ಕುಂಕುಮ. ಮಖ್ಖಿಯ ಬುಡದಲ್ಲಿ ತೆಂಗಿನ ನಾರಿನ ಒಂದು ಎಳೆ.

"ಖಂಡೇಪೂಜಿ ಕುಂಕುಮ," ಎಂದ ಪಹರೆಯವನು. ಮಹಾನವಮಿಯ ಆಯುಧಪೂಜೆಗೆ ಆ ಕಡೆ ಖಂಡೇಪೂಜೆ ಎನ್ನುತ್ತಾರೆ.

ಫೌಜದಾರರು ಅವನನ್ನು ನೋಡಿದರು. ಅವನು ಬಾಗಿಲಿಗೆ ಹೋಗಿ ನಿಂತ.

ಇಲ್ಲಿಗೆ ಎಲ್ಲಪ್ಪ ಬಚಾವಾದ ಎಂದು ನೀವು ತಿಳಿಯಬಹುದು. ನಾನು ಹಾಗೆ ತಿಳಿಯಲಿಲ್ಲ. ಗಟ್ಟಿ ತಿರುಗಿದೆ ಎನ್ನುವುದು ಖರೆ. ಯಾವಾಗ ತಿರುಗಿತು? ಗುಂಡು ಹಾರಿಸುವ ಮೊದಲೋ, ಆಮೇಲೋ? ಎತ್ತು ಬಿದ್ದದ್ದನ್ನು ಕಂಡು, ಠಾಣೆಗೆ ಬರುವ ದಾರಿಯಲ್ಲಿ ಕಲ್ಲಿನಿಂದ ಎಲ್ಲಪ್ಪನೇ ಬಡಿದು ತಿರುಗಿಸಿರಬಹುದಲ್ಲ? ಕುಂಕುಮ ಯಾರ ಮನೆಯಲ್ಲಿಲ್ಲ? ಬಂದೂಕು ಬಲ್ಲವನಿಗೆ ಇಷ್ಟು ಹೊಳೆಯದೆ ಇರುವುದಿಲ್ಲ. ಎಲ್ಲಪ್ಪ ಬಂದೂಕು ಬಲ್ಲವನು.

ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ಸಲಾಮು ಮಾಡಲು ಕೈ ಎತ್ತಿದವನು, ಮೈಮೇಲೆ ಡ್ರೆಸ್ ಇಲ್ಲದ್ದು ನೆನಪಾಗಿ ಕೈ ಇಳಿಸಿದ.

"ಮಖ್ಖಿ ಸರದದ ಎಲ್ಲಪ್ಪ. ಯಾವಾಗ ಸರೀತು?"

"ನನಗೇನ ಗೊತ್ತ್ರಿ. ನಾಯಿ ಮ್ಯಾಲ ನೊಣ ಕುಂಡ್ರಿಸಿದೆ, ಹೊಡದೆ. ಎತ್ತ ಯಾಕ ಬಿತ್ತು ಅನ್ನೂದ ತಿಳೀಲಿಲ್ಲ."

"ನೀನ ಆಮ್ಯಾಲ ಬಡದಿಲ್ಲಲ್ಲ?"

ಅವನು ಹಗ್ಗ ಎತ್ತಿಕೊಂಡು ಮತ್ತೆ ಹೊಸೆಯತೊಡಗಿದ. ಒಳಗಿನಿಂದ ಅವನ ಹೆಂಡತಿ ನೀಲವ್ವ ಹೊರಗೆ ಬಂದಳು. "ಎತ್ತ ಹೊಡದಾನ ಅಂತ ಗೌಡ್ರು ಅಂದ್ರು. ಬಂದೂಕ ಬಡದಾನ ಅಂತ ನೀವು ಅಂತೀರಿ. ಇನ್ನ ನಾಯಿ ಹುಚ್ಚ ಮಾಡಿದಾಂವನೂ ಇವನ ಅಂದುಬಿಡ್ರಿ, ಮುಗದ ಹೋಗ್ಲಿ," ಎಂದಳು.

"ಸುಮ್ಮನಿರ," ಎಂದ ಎಲ್ಲಪ್ಪ. ಮತ್ತೆ ನನ್ನ ಕಡೆ ತಿರುಗಿ, "ನವಮಿ ದಿನ ಠಾಣ್ಯಾಗ ಏನಾತು ಅಂತ ಅಯ್ಯನವರನ್ನ ಕೇಳ್ರಿ. ನಾ ಹೇಳಿದ್ರ ಸಾಹೇಬ್ರ ಮ್ಯಾಲ ಹೇಳಿದಂಗ ಆಕ್ಕೈತಿ," ಎಂದ.

ಅಯ್ಯನವರೆಂದರೆ ಠಾಣೆಯ ಪೂಜೆಗೆ ಬರುತ್ತಿದ್ದ ವಯಸ್ಸಾದ ಜಂಗಮರು. ಮಠದ ಹಿಂದಿನ ಓಣಿಯಲ್ಲಿ ಮನೆ. ಮಾತಿನ ಮಲ್ಲ. ನಾನು ಯಾರೆಂದು ಹೇಳಿ, ನಿಮ್ಮ ಠಾಣೆಯ ಖಂಡೇಪೂಜೆ ಬಹಳ ಜೋರಂತೆ ಎಂದಷ್ಟೇ ಕೇಳಿದೆ.

"ಜೋರ ಅಂದ್ರ ಜೋರ್ರಿ! ಬ್ಯಾರೆ ಕಡೆ ಕಾಯಿ ಕಲ್ಲಿನ ಮ್ಯಾಲ ಒಡೀತಾರ. ನಮ್ಮ ಠಾಣ್ಯಾಗ ಹತ್ಯಾರದ ಮ್ಯಾಲ ಒಡೀಬೇಕು. ಹಿಂದಕ ಕತ್ತಿ ಇದ್ವು, ಕತ್ತಿ ಬೆನ್ನಿನ ಮ್ಯಾಲ ಒಡೀತಿದ್ರು. ಕತ್ತಿ ಹ್ವಾದ್ವು, ಪದ್ಧತಿ ಬಿಡಾಕ ಬರ್ತೈತೇನ್ರಿ? ಹಿರೀ ಬಂದೂಕಿನ ತುದೀ ಮ್ಯಾಲ ಒಡೀತಾರ."

"ತುದೀ ಮ್ಯಾಲ?"

"ಸಣ್ಣ ಕೊಂಬ ಇರ್ತೈತಲ್ರಿ, ಅದಕ್ಕ ತಾಗಿದ್ರ ಕಾಯಿ ಪಟ್ಟನ ಹೋಳಾಕ್ಕೈತಿ."

ಆ ಸಣ್ಣ ಕೊಂಬು ನಮ್ಮ ಮಖ್ಖಿ. ಕತ್ತಿಯ ಬೆನ್ನು ಎಂಥ ಪೆಟ್ಟನ್ನೂ ತಾಳುತ್ತದೆ, ಮಖ್ಖಿ ತಾಳುವುದಿಲ್ಲ. ಇಷ್ಟು ವರ್ಷ ತಾಳಿದ್ದು ಹಳೆಯ ಹವಾಲ್ದಾರರು ಹಗುರವಾಗಿ, ಒಂದೇ ಪೆಟ್ಟಿಗೆ ಒಡೆಯುತ್ತಿದ್ದುದರಿಂದ ಎಂದು ಆಮೇಲೆ ತಿಳಿಯಿತು.

"ಈ ವರ್ಷ ಯಾರು ಒಡದ್ರಿ?"

ಅಯ್ಯನವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಫೌಜದಾರ ಸಾಹೇಬ್ರು ನಾನ ಒಡೀತೀನಿ ಅಂದ್ರು. ಹೊಸಬರು ನೋಡ್ರಿ, ಹುಮ್ಮಸ್ಸು. ಮೊದಲನೇ ಏಟಿಗೆ ಒಡೀಲಿಲ್ಲ. ಎರಡನೇದಕ್ಕೂ ಇಲ್ಲ. ಎಲ್ಲಾರೂ ಸಾಲಾಗಿ ನಿಂತು ನೋಡಾಕತ್ತಾರ. ಸಾಹೇಬ್ರಿಗೆ ಸಿಟ್ಟ ಬಂತು. ಹುಣಶೀಬಡ್ಡಿ ಕಡಿದಂಗ ಕಡದ್ರಿ ಯಪ್ಪಾ! ಒಡೀತು. ಒಳಗ ನೀರ ಇಲ್ಲ, ಒಣಾಕಾಯಿ. ಅಪಶಕುನ ಅಂತ ಎಲ್ಲಾರ ಮನಸ್ಸಿನ್ಯಾಗೂ ಬಂತು, ಬಾಯಿ ಯಾರ ಬಿಡ್ತಾರ? ಸಾಹೇಬ್ರು ನನಗ ಕೈಸನ್ನಿ ಮಾಡಿದ್ರು. ನಾನು ಲಗೂನ ಕುಂಕುಮ ಸುರದು, ಹೂವ ಹಾಕಿ ಮುಚ್ಚಿಬಿಟ್ಟೆ."

"ಇಷ್ಟ ಮಾತು ಡೆಪ್ಯುಟಿ ಸಾಹೇಬ್ರ ಮುಂದ ಹೇಳ್ತೀರೇನ್ರಿ ಅಜ್ಜಾರ?"

"ನಾನ್ಯಾಕ ಹೇಳ್ಲಿ?" ಎಂದರು ಗಾಬರಿಯಿಂದ. "ಮುಂದಿನ ನವಮಿಗೆ ಪೂಜಿ ನೀವ ಮಾಡ್ತೀರೇನು?"

ಕುಂಕುಮದ ಲೆಕ್ಕ ಈಗ ನನ್ನ ಮಟ್ಟಿಗೆ ಸರಿಹೋಯಿತು. ನವಮಿಯ ದಿನವೇ ಗಟ್ಟಿ ತಿರುಗಿ ಬಿಳಿ ಪಟ್ಟಿ ಹೊರಗೆ ಬಂದಿತ್ತು, ಅದರ ಮೇಲೆ ಅಯ್ಯನವರು ಸುರಿದ ಕುಂಕುಮ ಕೂತಿತ್ತು. ಆದರೆ ನನಗೆ ತಿಳಿದದ್ದು ಬೇರೆ, ತನಿಖೆಯಲ್ಲಿ ನಿಲ್ಲುವುದು ಬೇರೆ. ಅಯ್ಯನವರು ಹೇಳುವುದಿಲ್ಲ. ಸಾಲಾಗಿ ನಿಂತಿದ್ದ ಪೇದೆಗಳು ಹೇಳುವುದಿಲ್ಲ. ಎಲ್ಲಪ್ಪ ಹೇಳಿದರೆ, ತಪ್ಪಿಸಿಕೊಳ್ಳಲು ಮೇಲಿನವರ ಮೇಲೆ ಹಾಕುತ್ತಾನೆ ಎನ್ನುತ್ತಾರೆ. ಇನ್ನೊಂದು ಪ್ರಶ್ನೆಯೂ ನನ್ನನ್ನು ಕೊರೆಯುತ್ತಿತ್ತು: ಮಖ್ಖಿ ಸರಿದದ್ದು ಫೌಜದಾರರಿಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ ಉಪ್ಪಿಟ್ಟು ಯಾಕೆ?

ಮರುದಿನ ಡೆಪ್ಯುಟಿ ಸಾಹೇಬರು ಜೀಪಿನಲ್ಲಿ ಬಂದರು. ಮಾತು ಕಡಿಮೆಯ ಮನುಷ್ಯ, ಬೇಟೆಯ ಗೀಳು, ತಮ್ಮ ಗುರಿಯ ಮೇಲೆ ಬಹಳ ಅಭಿಮಾನ. ವೀರನಗೌಡರನ್ನೂ ಎಲ್ಲಪ್ಪನನ್ನೂ ಕರೆಸಿದ್ದರು. ನಾನು ಮುರಿದ ಗೆರೆ ತೋರಿಸಿದೆ. ಬಿಳಿ ಪಟ್ಟಿ, ಕುಂಕುಮ, ನಾರು ತೋರಿಸಿದೆ.

ಫೌಜದಾರರು ಮುಂದೆ ಬಂದರು. "ಗೆರಿ ಮುರದದ್ದು ಖರೇ ಇರಬಹುದ್ರಿ. ಗುಂಡು ಎತ್ತಿಗೆ ಹೋಗುವಷ್ಟು ಸೊಟ್ಟ ಇಲ್ರಿ. ಪೆಟ್ಟಿಗಿ ಹಿಡಕೊಂಡ ಬಂದವರಿಗೆ ಏನರ ಒಂದು ಸೊಟ್ಟ ಕಾಣಬೇಕಲ್ರಿ."

"ಹಂಗಾದ್ರ ಹೊಡದ ನೋಡೂಣು," ಎಂದರು ಡೆಪ್ಯುಟಿ ಸಾಹೇಬರು.

ಊರಾಚೆಯ ಹಳ್ಳಕ್ಕೆ ಹೋದೆವು. ಎದುರಿಗೆ ಎತ್ತರದ ಮಣ್ಣಿನ ದಂಡೆ. ದಂಡೆಯ ಬುಡದಲ್ಲಿ ಕಲ್ಲಿನ ಮೇಲೆ ಒಂದು ಗಡಿಗೆ ಇಡಿಸಿದರು. ಗಡಿಗೆಯ ಎಡಕ್ಕೆ, ದಂಡೆಗೆ ಅಂಟಿಕೊಂಡಂತೆ ಒಂದು ಜಾಲಿಯ ಕಂಟಿ. ಗೌಡರು ಬೇವಿನ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಕೂತರು. ಎಲ್ಲಪ್ಪ ಅವರಿಂದ ದೂರ, ಬಿಸಿಲಿನಲ್ಲಿ ನಿಂತ. ಬಂದೂಕನ್ನು ಎಲ್ಲಪ್ಪನ ಕೈಗೆ ಕೊಡುವ ಮಾತು ಬಂತು. ಗೌಡರು ಕೂತಲ್ಲಿಂದಲೇ, "ಅಂವ ಇವತ್ತ ಬೇಕಂತ ತಪ್ಪಸ್ತಾನ್ರಿ, ಅವತ್ತ ಬೇಕಂತ ಹೊಡದಂಗ," ಎಂದರು. ಅದು ಸರಿಯಾದ ಮಾತೇ ಆಗಿತ್ತು.

"ನೀವ ಹೊಡೀರಿ," ಎಂದರು ಡೆಪ್ಯುಟಿ ಸಾಹೇಬರು ಫೌಜದಾರರಿಗೆ.

ಫೌಜದಾರರು ಕ್ಷಣ ತಡೆದರು. ಆಮೇಲೆ ಬಂದೂಕು ತಗೊಂಡು ಮೊಣಕಾಲೂರಿದರು. ಉಳಿದವರೆಲ್ಲ ಗಡಿಗೆಯನ್ನು ನೋಡುತ್ತಿದ್ದರು. ನಾನು ಫೌಜದಾರರ ಬೆನ್ನ ಹಿಂದೆ ನಿಂತು ನಳಿಕೆಯನ್ನೂ ಅವರ ಕೆನ್ನೆಯನ್ನೂ ನೋಡುತ್ತಿದ್ದೆ. ಗುಂಡು ಹಾರಿತು. ಗಡಿಗೆ ಚೂರಾಯಿತು.

ಜನ ಹೋ ಎಂದರು. ಗೌಡರು ಕಂಬಳಿಯಿಂದ ಎದ್ದರು. ಎಲ್ಲಪ್ಪ ನೆಲ ನೋಡಿದ. ಡೆಪ್ಯುಟಿ ಸಾಹೇಬರು ನನ್ನ ಕಡೆ ತಿರುಗಿ, "ಏನ್ರಿ ಮಿಸ್ತ್ರಿ?" ಎಂದರು. ಮುಖ ಗಂಟಾಗಿತ್ತು.

ನಾನು ಕಂಡದ್ದನ್ನು ಆಗಲೇ ಹೇಳಿದ್ದರೆ, ಪೆಟ್ಟಿಗೆ ಹಿಡಿದು ಬಂದವನ ಮಾತಾಗುತ್ತಿತ್ತು. ಹೀಗಾಗಿ ಇಷ್ಟೇ ಹೇಳಿದೆ: "ಸಾಹೇಬ್ರ, ಇನ್ನೊಂದ ಗಡಿಗಿ ಇಡಸ್ರಿ. ತಾವೊಂದ ಗುಂಡ ಹಾರಸಬೇಕು."

ಇನ್ನೊಂದು ಗಡಿಗೆ ತಂದರು. ಡೆಪ್ಯುಟಿ ಸಾಹೇಬರು ಕೋಟು ತೆಗೆದು ಜೀಪಿನಲ್ಲಿಟ್ಟು, ಕೂತು, ನಿಧಾನವಾಗಿ ಗುರಿ ಹಿಡಿದು ಹೊಡೆದರು. ಗಡಿಗೆ ಅಲುಗಲಿಲ್ಲ. ಅದರ ಬಲಕ್ಕೆ, ಒಂದು ಮಾರಿನಷ್ಟು ಆಚೆ, ದಂಡೆಯಿಂದ ಮಣ್ಣು ಹಾರಿತು. ಸಾಹೇಬರು ಬಂದೂಕನ್ನು ತಿರುಗಿಸಿ ನೋಡಿದರು. ಮತ್ತೆ ಹೊಡೆದರು. ಮಣ್ಣು ಹಾರಿದ್ದು ಮೊದಲಿನ ಜಾಗದ ಪಕ್ಕದಲ್ಲೇ.

ಅವರು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡರು. ಫೌಜದಾರರ ಹತ್ತಿರ ಬಂದು ತಣ್ಣಗೆ ಕೇಳಿದರು: "ನಾ ಗಡಿಗಿ ಮ್ಯಾಲ ಗುರಿ ಇಟ್ಟೆ, ತಪ್ಪಿತು. ನಿಮಗ ಹ್ಯಾಂಗ ಬಿತ್ತು? ಎಲ್ಲಿ ಇಟ್ಟಿದ್ರಿ ಗುರಿ?"

ಫೌಜದಾರರು ಒಡೆದ ಗಡಿಗೆಯ ಚೂರುಗಳ ಕಡೆ ನೋಡಿದರು.

"ಮಿಸ್ತ್ರಿ, ನೀವು ಹಿಂದ ನಿಂತಿದ್ರಿ. ಎಲ್ಲಿ ಇಟ್ಟಿದ್ರು?"

"ಜಾಲಿಕಂಟಿ ಮ್ಯಾಲ್ರಿ," ಎಂದೆ.

ಗಡಿಗೆ ತಪ್ಪಿಸಿದ್ದರೆ ಬಂದೂಕು ಸೊಟ್ಟ ಎಂದು ಫೌಜದಾರರೇ ತೋರಿಸಿದ ಹಾಗಾಗುತ್ತಿತ್ತು. ಅದಕ್ಕೇ ಎಡಕ್ಕೆ ಗುರಿಯಿಟ್ಟು ಹೊಡೆದರು. ಎಷ್ಟು ಎಡಕ್ಕೆ ಎಂದು ಗೊತ್ತಿದ್ದವನು ಮಾತ್ರ ಹಾಗೆ ಹೊಡೆಯಬಲ್ಲ.

"ಯಾವಾಗಿಂದ ಗೊತ್ತಿತ್ತು?" ಎಂದು ಸಾಹೇಬರು ಕೇಳಿದರು.

"ನವಮಿ ಆದ ಮ್ಯಾಲ ಹೊಲದ ಕಡೆ ಚಿಗರಿಗೆ ಹೊಡದಿದ್ದೆ ಸರ್. ಎರಡ ಸಲ ತಪ್ಪಿತು. ಬಲಕ್ಕ ಹೋಗತೈತಿ ಅಂತ ಗೊತ್ತಾತು."

"ಗೊತ್ತಿದ್ದೂ ಇವನ ಕೈಯಾಗ ಕೊಟ್ಟ ಕಳಿಸಿದ್ರಿ?"

"ಎಲ್ಲಪ್ಪ ಹ್ಯಾಂಗರ ಹೊಡೀತಾನ ಅಂತ… ಹೇಳಿದ್ರ ಕಾಯಿ ಮಾತು ಬರತಿತ್ತು ಸರ್. ಬಂದ ವರ್ಷಾನ ಕಾಯಿ ಒಡೀಲಿಲ್ಲ ಅಂದ್ರ ಠಾಣ್ಯಾಗ ನನ್ನ ಯಾರ ಮಾತ ಕೇಳ್ತಿದ್ರು?"

ಅಲ್ಲಿಯ ತನಕ ನಾನು ಅವರ ಬಗ್ಗೆ ಏನೇನೋ ಊಹೆ ಮಾಡಿದ್ದೆ. ಗೌಡರ ವಿರೋಧಿಗಳ ಕೈವಾಡ ಇರಬಹುದು ಎಂದೂ ಅಂದುಕೊಂಡಿದ್ದೆ. ಇದ್ದದ್ದು ಒಂದು ಒಣಕಾಯಿಯ ನಾಚಿಕೆ. ಆ ನಾಚಿಕೆಗಾಗಿ ಒಬ್ಬ ಪೇದೆಯನ್ನು ಜೇಲಿನ ಬಾಗಿಲ ತನಕ ನಡೆಸಲು ಅವರು ತಯಾರಿದ್ದರು.

ಡೆಪ್ಯುಟಿ ಸಾಹೇಬರು ಬೈಯಲಿಲ್ಲ. "ಎಲ್ಲಪ್ಪನ ಪಟ್ಟಾ ಎಲ್ಲೈತಿ?" ಎಂದು ಮಾತ್ರ ಕೇಳಿದರು.

ಠಾಣೆಗೆ ಹೋದ ಮೇಲೆ ಫೌಜದಾರರೇ ಕಪಾಟಿನ ಬೀಗ ತೆಗೆದು ಪಟ್ಟಾ ತಂದು ಕೊಟ್ಟರು. ಎಲ್ಲಪ್ಪ ಅದನ್ನು ಎರಡೂ ಕೈಯಲ್ಲಿ ತಗೊಂಡು, ಅಲ್ಲಿಯೇ, ಧೋತರದ ಮೇಲೆಯೇ ಕಟ್ಟಿಕೊಂಡ. ಪೇದೆಗಳು ಯಾರೂ ನಗಲಿಲ್ಲ. ಫೌಜದಾರರನ್ನು ಮುಂದೆ ಬೇರೆ ಕಡೆ ಕಳಿಸಿದರು ಎಂದು ಕೇಳಿದ್ದೇನೆ; ಶಿಕ್ಷೆ ಏನಾಯಿತೆಂದು ನನಗೆ ಖಚಿತವಾಗಿ ತಿಳಿಯದು, ಅದಕ್ಕೇ ಬರೆಯುವುದಿಲ್ಲ.

ನಾನು ಠಾಣೆಯ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿ, ತೊಲೆಗೆ ತೂಗುಗುಂಡು ಕಟ್ಟಿ, ಗಟ್ಟಿಯನ್ನು ನೇರ ಮಾಡುತ್ತಿದ್ದೆ. ವೀರನಗೌಡರು ಹೊರಡುವ ಮುಂಚೆ ಬಂದು ಪಕ್ಕದಲ್ಲಿ ನಿಂತರು. ಎಲ್ಲಪ್ಪ ಬಾಗಿಲಲ್ಲಿ ಪಹರೆಗೆ ನಿಂತಿದ್ದ. ಅವನಿಗೂ ಕೇಳುವಂತೆ ಗೌಡರು ಹೇಳಿದರು:

"ಬಂದೂಕ ಸೊಟ್ಟ ಇತ್ತು, ಒಪ್ಪಿದೆ. ಸಾಹೇಬ್ರು ಕಾಯಿ ಒಡದ್ರು, ಅದನ್ನೂ ಒಪ್ಪಿದೆ. ಆದ್ರ ಮಿಸ್ತ್ರಿ, ಅಲ್ಲಿ ನೀರ ಕುಡಿಯಾಕ ಊರಿನ ಎತ್ತೆಲ್ಲಾ ಬರ್ತಾವ. ಇವನ ಅಕ್ಕನ ಗಂಡನ ಎತ್ತೂ ಬರ್ತಾವ. ಸೊಟ್ಟ ಗುಂಡು ನನ್ನ ಎತ್ತನ್ನ ಹ್ಯಾಂಗ ಗುರುತ ಹಿಡೀತು ಅನ್ನೂದ ಒಂದ ಹೇಳಿಬಿಡ್ರಿ."

ನಾನು ಮೊಳೆಯ ಮೇಲೆ ಸುತ್ತಿಗೆ ಎತ್ತಿದ್ದೆ. ಎಲ್ಲಪ್ಪ ಬಾಗಿಲಿನಿಂದ ತಿರುಗಿ ನನ್ನನ್ನೇ ನೋಡುತ್ತಿದ್ದ, ನಾನೇನು ಹೇಳುತ್ತೇನೆ ಎಂದು. ಗೌಡರೂ ಕಾಯುತ್ತ ನಿಂತಿದ್ದರು. ಗುಂಡು ಬಲಕ್ಕೆ ಯಾಕೆ ಹೋಯಿತೆಂದು ಬಂದೂಕು ಹೇಳಿತ್ತು; ಹೊಡೆದವನ ಮನಸ್ಸಿನಲ್ಲಿ ಏನಿತ್ತೆಂದು ಅದು ಹೇಳುವುದಿಲ್ಲ. ನಾನು ಮೊಳೆ ಹೊಡೆದೆ.